ಬಳ್ಳಿಗಾವೆಯ ವಣಿಕ್ಪ್ರಶಸ್ತಿಯಲ್ಲಿ ಜಲಮಾರ್ಗ

ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ 1902ರಲ್ಲಿಯೂ, ಸೊರಬದವನ್ನು 8ನೆಯ ಸಂಪುಟದಲ್ಲಿ 1904ರಲ್ಲಿಯೂ ಪ್ರಕಟಿಸಿದರು. ಮೊದಲನೆಯದರಲ್ಲಿ ಶಿಕಾರಿಪುರ 118 ಎಂಬ ಅಂಕಿತದ ಬಳ್ಳಿಗಾವೆಯ ಶಾಸನವು ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಯಾಗಿದೆ. ಈ ವರ್ತಕರು ನೆಲದ ದಾರಿಯಿಂದಲೂ ನೀರಿನ ದಾರಿಯಿಂದಲೂ ನಾನಾ ದೇಶಗಳನ್ನು ಸಂಚರಿಸಿದವರೆಂದು ಅದು ಹೊಗಳುತ್ತದೆ. ಕೆರೆಗಳ ಸೀಮೆಯ ಶಾಸನದಲ್ಲಿ ಈ ಮಾತನ್ನು ಕಂಡೊಡನೆ, ಇಲ್ಲಿಯ ಕೆರೆಗಳ ಮೇಲೆ ಕಬ್ಬಿಣದ ಅದಿರು ದೋಣಿಗಳಲ್ಲಿ ಸಾಗಿತ್ತೆಂದು ಊಹಿಸುವುದು ಸುಲಭ. ಆ ಊಹೆಗೆ ಶಾಸನವು ಎಡೆಗೊಡುವುದಿಲ್ಲ.

ಶಾಸನವು ಎಣಿಸುವ ಸರಕುಗಳು ಆನೆ, ಕುದುರೆ, ಮುತ್ತು, ಮಾಣಿಕ್ಯ, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ ಮೊದಲಾದುವು, ಅದಿರಿನ ಹೆಸರಿಲ್ಲ. ನೀರಿನ ದಾರಿಯೂ ದ್ವೀಪಾಂತರಗಳ ವರ್ಣನೆಯೊಡನೆ ಬಂದುದು. ಅದು ಕಡಲಿನದೇ ಹೊರತು ಕೆರೆಯದಲ್ಲ. ಹಾಗೆಂದು ಈ ಮೌನದಿಂದ ನಾಡಿನಲ್ಲಿ ಕಬ್ಬಿಣವೇ ಇರಲಿಲ್ಲವೆನ್ನುವುದೂ ತಪ್ಪು. ಸೊರಬದ ವೀರಗಲ್ಲುಗಳ ಕತ್ತಿಗಳೇ ಅದಕ್ಕೆ ಉತ್ತರ. ಪ್ರಶಸ್ತಿಯು ಹಿರಿಮೆಗೆ ಒಪ್ಪುವ ವಸ್ತುಗಳನ್ನು ಆಯ್ದುಕೊಳ್ಳುತ್ತದೆ. ಲೆಕ್ಕದ ಕಡತದಂತೆ ಎಲ್ಲವನ್ನೂ ಬರೆದಿಡುವುದಿಲ್ಲ.

ಕೆರೆಗಳ ವಿಷಯವನ್ನು ಶಾಸನಗಳೇ ತಿಳಿಸುತ್ತವೆ. ಕದಂಬ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ತಾಳಗುಂದದ ಸ್ತಂಭಶಾಸನವು ಶಿವಾಲಯದೊಡನೆ ಕೂಡಿಸಿ ಹೇಳುತ್ತದೆ. ಬೇರೆಡೆ ಕೆರೆಯ ಮಾತು ಬಂದಲ್ಲೆಲ್ಲ ಏರಿ, ತೂಬು, ಗದ್ದೆ, ಬಿತ್ತುವಟ್ಟಗಳೇ ಕಾಣುವುವು. ಕೆರೆಗೆ ‘ಸಮುದ್ರ’ವೆಂಬ ಹೆಸರಿದ್ದರೂ ಅದು ಕಟ್ಟಿಸಿದವನ ಕೀರ್ತಿಗೆ ಸಂದ ಅಲಂಕಾರವೇ ಹೊರತು ನೌಕಾಯಾನದ ಸಾಕ್ಷ್ಯವಲ್ಲ.

ಸರೋವರದ ಮೇಲೆ ಅದಿರು ಸಾಗಿದ ದಾಖಲೆಯ ರೀತಿಯೇ ಬೇರೆ. ಉತ್ತರ ಅಮೆರಿಕದ ಸುಪೀರಿಯರ್ ಸರೋವರವನ್ನು ಕೆಳಗಿನ ಸರೋವರಗಳಿಗೆ ಕೂಡಿಸುವ ಸೂ ಕಾಲುವೆಯು 1855ರಲ್ಲಿ ತೆರೆಯಿತು. ಆ ವರ್ಷದ ಆಗಸ್ಟಿನಲ್ಲಿ ‘ಕೊಲಂಬಿಯ’ ಎಂಬ ಹಾಯಿಹಡಗು 132 ಟನ್ ಅದಿರನ್ನು ಹೊತ್ತು ಅದನ್ನು ದಾಟಿತು. ಇಲ್ಲಿ ಹಡಗಿನ ಹೆಸರು, ತೂಕ, ಕಾಲ ಮೂರೂ ಇವೆ. ಶಿವಮೊಗ್ಗ ಸೀಮೆಯಲ್ಲಿಯೂ 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸ ಆರಂಭಿಸಿದಾಗ, ಕೆಮ್ಮಣ್ಣುಗುಂಡಿಯ ಅದಿರು ಇಳಿದು ಬಂದುದು ತೂಗುಹಗ್ಗದ ದಾರಿಯಿಂದಲೂ ಟ್ರಾಮ್ ಹಳಿಯಿಂದಲೂ, ನೀರಿನಿಂದಲ್ಲ.

ಆದುದರಿಂದ ಬಳ್ಳಿಗಾವೆಯ ಶಾಸನವನ್ನು ಪಾಠ ಹೇಳುವಾಗ ಮೊದಲು ಅದರ ಜಾತಿಯನ್ನು ಗುರುತಿಸುವುದು ಅವಶ್ಯ. ಹೊಗಳಿಕೆಯನ್ನು ಸುಂಕದ ಲೆಕ್ಕವೆಂದು ಓದಿದರೆ ಚರಿತ್ರೆ ಕೆಡುತ್ತದೆ. ಬರಿಯ ಉತ್ಪ್ರೇಕ್ಷೆಯೆಂದು ತಳ್ಳಿದರೆ ವರ್ತಕರು ತಮ್ಮನ್ನು ತಾವು ಹೇಗೆ ಕಂಡುಕೊಂಡರೆಂಬ ಸತ್ಯವೇ ಕೈಬಿಡುತ್ತದೆ.