ಮಿರಜಿನ ತಂಬೂರಿ

ಮಹಾಲಿಂಗಪುರದ ಸೀಮೆಯ ಹಾಡುಗಾರರಿಗೆ ಮಿರಜ್ ಎಂದರೆ ತಂಬೂರಿಯ ಊರು. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೂ ಪರವೂರೆನಿಸುವುದಿಲ್ಲ.

ತಂಬೂರಿಯ ದನಿ ತುಂಬಿಕೊಳ್ಳುವುದು ಅದರ ಒಡಲಿನಿಂದ. ಎಲೆಕ್ಟ್ರಿಕ್ ಗಿಟಾರನ್ನು ವೈರಿಲ್ಲದೆ ಮೀಟಿದರೆ ಸದ್ದು ಸಣ್ಣದು. ಅದರ ಒಡಲು ಗಟ್ಟಿ ಮರ, ಅಲುಗುವುದೇ ಕಡಿಮೆ. ತಂಬೂರಿಯದು ಪೊಳ್ಳೊಡಲು. ಒಣಗಿದ ಸೋರೆಬುರುಡೆ, ಅದರ ಬಾಯಿಗೆ ತೆಳ್ಳಗೆ ಹೆರೆದ ಮರದ ತಬ್ಲಿ. ತಂತಿಯ ನಡುಕ ಅದನ್ನು ಹೊತ್ತ ಪಟ್ಟಿಯಿಂದ, ಅಂದರೆ ಕುದುರೆಯಿಂದ, ತಬ್ಲಿಗಿಳಿದು ಬುರುಡೆಯೊಳಗಿನ ಗಾಳಿಯನ್ನೆಲ್ಲ ಎಬ್ಬಿಸುತ್ತದೆ.

ನನ್ನ ಮನಸ್ಸು ಸೋಲುವುದು ಆ ಕುದುರೆಗೆ. ನೋಡಲು ಚಪ್ಪಟೆ, ಬೆರಳಾಡಿಸಿದರೆ ನವಿರಾದ ಇಳಿಜಾರು. ಕುಶಲಕರ್ಮಿ ಅರದಿಂದ ತುಸುವೇ ಉಜ್ಜುತ್ತಾನೆ, ಮೀಟಿ ಕೇಳುತ್ತಾನೆ, ಮತ್ತೆ ಉಜ್ಜುತ್ತಾನೆ. ಇದಕ್ಕೇ ಜವಾರಿ ತೆಗೆಯುವುದು ಎನ್ನುತ್ತಾರೆ. ಅಳತೆಗೋಲು ಇಲ್ಲಿ ಸಾಲದು, ಕಿವಿಯೇ ಬೇಕು. ಆಮೇಲೆ ತಂತಿಯಡಿ ಒಂದು ಎಳೆ ನೂಲು. ಅದನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದಂತೆ ಒಂದೆಡೆ ಮಂಕು ದನಿ ಥಟ್ಟನೆ ಅರಳುತ್ತದೆ. ಖರ್ಜದ, ಅಂದರೆ ಕೆಳಗಿನ ಷಡ್ಜದ, ಹಿತ್ತಾಳೆ ತಂತಿಯೊಳಗಿಂದ ಗಾಂಧಾರ ಹೊಮ್ಮುತ್ತದೆ. ಆ ಸ್ವರಕ್ಕೆ ತಂತಿಯೇ ಇಲ್ಲ, ಅದನ್ನು ಯಾರೂ ಮೀಟಿಲ್ಲ! ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ.

ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇದೇ ಮಿರಜಿನಲ್ಲಿ. ಸ್ವರಶುದ್ಧಿಗೆ ಜೀವ ತೇಯ್ದ ಅವರಿಗೆ ಇದಕ್ಕಿಂತ ತಕ್ಕ ಊರು ಬೇರೆ ಯಾವುದಿತ್ತು? ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.