ಚರಿತ್ರಕಾರನ ಮೌನ: ಅಮ್ಮಿಯಾನಸ್ ಮಾರ್ಸೆಲಿನಸ್ ಮತ್ತು ರಾಜದ್ರೋಹದ ವಿಚಾರಣೆಗಳು

ಪ್ರಭುತ್ವವು ತನ್ನ ಪ್ರಜೆಗಳನ್ನೇ ಶಂಕಿಸತೊಡಗಿದಾಗ ಚರಿತ್ರಕಾರನು ನಿಲ್ಲುವುದೆಲ್ಲಿ? ಕ್ರಿ.ಶ. ನಾಲ್ಕನೆಯ ಶತಮಾನದ ರೋಮನ್ ಸಾಮ್ರಾಜ್ಯದಲ್ಲಿ ನಡೆದ ರಾಜದ್ರೋಹದ ವಿಚಾರಣೆಗಳನ್ನು ಕುರಿತು ನಮಗಿರುವ ಮುಖ್ಯ ಆಕರ ಅಮ್ಮಿಯಾನಸ್ ಮಾರ್ಸೆಲಿನಸನ ಲ್ಯಾಟಿನ್ ಚರಿತ್ರೆ. ಗ್ರೀಕ್ ಮೂಲದ ಈ ಮಾಜಿ ಸೈನಿಕನು 390ರ ಸುಮಾರಿಗೆ ರೋಮ್ ನಗರದಲ್ಲಿದ್ದು ರಚಿಸಿದ 31 ಭಾಗಗಳ ಪೈಕಿ ಮೊದಲ 13 ನಷ್ಟವಾಗಿವೆ. ಉಳಿದವು 353ರಿಂದ 378ರವರೆಗಿನ ಕಾಲವನ್ನು ನಿರೂಪಿಸುತ್ತವೆ. ಇವನನ್ನು ದಬ್ಬಾಳಿಕೆಯ ನಿರ್ಭೀತ ಸಾಕ್ಷಿಯೆಂದು ಓದುವುದುಂಟು. ಆದರೆ ತಾನು ಖಂಡಿಸುವ ವ್ಯವಸ್ಥೆಯ ಸೇವಕನೂ ಅವನಾಗಿದ್ದನೆಂಬುದನ್ನು ಮರೆಯುವಂತಿಲ್ಲ.

355ರ ಸಿಲ್ವಾನಸ್ ಪ್ರಕರಣವನ್ನು ನೋಡಬಹುದು. ಈ ಫ್ರಾಂಕ್ ಸೇನಾನಿಯು ಬರೆದಿದ್ದ ಶಿಫಾರಸು ಪತ್ರಗಳಲ್ಲಿ ಸಹಿಯೊಂದನ್ನುಳಿಸಿ ಮಿಕ್ಕುದನ್ನೆಲ್ಲ ಅಳಿಸಿ, ಅಲ್ಲಿ ದ್ರೋಹದ ಮಾತುಗಳನ್ನು ತುಂಬಲಾಯಿತು. ಮೋಸವು ಬಯಲಾಗುವ ವೇಳೆಗೆ, ಪ್ರಾಣಭಯದಿಂದ ಸಿಲ್ವಾನಸನು ಕೊಲೋನ್‌ನಲ್ಲಿ ತನ್ನನ್ನು ಚಕ್ರವರ್ತಿಯೆಂದು ಘೋಷಿಸಿಕೊಂಡಿದ್ದನು. ಸಂಶಯವೇ ತಾನು ಶಂಕಿಸಿದ ದ್ರೋಹವನ್ನು ಹುಟ್ಟಿಸಿತ್ತು. ಅವನನ್ನು ಮುಗಿಸಲು ಎರಡನೆಯ ಕಾನ್‌ಸ್ಟಾಂಟಿಯಸನು ಕಳುಹಿಸಿದ್ದು ಉರ್ಸಿಕಿನಸನನ್ನು, ಇವನೂ ಶಂಕೆಗೊಳಗಾಗಿದ್ದವನೇ. ಅವನ ಪರಿವಾರದಲ್ಲಿ ಅಮ್ಮಿಯಾನಸನಿದ್ದನು. ಪ್ರಯಾಣದ ಆತಂಕವನ್ನು ಹೇಳುವಲ್ಲಿ ‘ನಾವು’ ಎನ್ನುವ ನಿರೂಪಕನು, ಕೊಲೆಯ ವಾಕ್ಯಕ್ಕೆ ಬರುವಾಗ ಹಣಕ್ಕೆ ಒಲಿದ ಸೈನಿಕರನ್ನಷ್ಟೇ ಕರ್ತೃಗಳನ್ನಾಗಿಸುತ್ತಾನೆ. ಸತ್ತವನ ಯೋಗ್ಯತೆಯನ್ನು ಅವನು ಒಪ್ಪುತ್ತಾನೆ. ತನ್ನ ಪಾಲಿನ ಹೊಣೆಯನ್ನು ಮಾತ್ರ ಎತ್ತುವುದಿಲ್ಲ.

359ರಲ್ಲಿ ಪ್ಯಾಲೆಸ್ಟೈನಿನ ಸ್ಕಿಥೊಪೊಲಿಸ್‌ನಲ್ಲಿ, ‘ಸರಪಳಿ’ ಎಂಬ ಅಡ್ಡಹೆಸರಿನ ಪೌಲಸನು ನಡೆಸಿದ ವಿಚಾರಣೆಗಳ ಚಿತ್ರಣ ಇನ್ನೂ ಸಂಕೀರ್ಣವಾದುದು. ಜ್ವರಕ್ಕೆ ತಾಯಿತ ಕಟ್ಟಿಕೊಂಡವರಿಗೂ ಸಂಜೆ ಸಮಾಧಿಯ ಬಳಿ ಹಾದುಹೋದವರಿಗೂ ಮರಣದಂಡನೆಯಾಯಿತೆಂದು ಅಮ್ಮಿಯಾನಸನು ಮರುಗುತ್ತಾನೆ. ಅದೇ ಸಂದರ್ಭದಲ್ಲಿ, ಅರಸನ ಸುರಕ್ಷತೆಯ ಪ್ರಶ್ನೆ ಬಂದಾಗ ಯಾವ ಅಂತಸ್ತಿನವನಿಗೂ ಚಿತ್ರಹಿಂಸೆಯಿಂದ ವಿನಾಯಿತಿ ಬೇಡವೆಂಬ ನಿಯಮವನ್ನು ಸಮರ್ಥಿಸುತ್ತಾನೆ. ಅವನ ಆಕ್ಷೇಪಣೆ ಕಾನೂನಿನ ಅತಿರೇಕಕ್ಕೆ ಮೀಸಲು, ಕಾನೂನಿಗಲ್ಲ.

ವ್ಯಾಲೆನ್ಸನ ಆಳ್ವಿಕೆಯಲ್ಲಿ, 371-72ರ ಸುಮಾರಿಗೆ ಆಂಟಿಯೋಕ್‌ನಲ್ಲಿ ನಡೆದ ವಿಚಾರಣೆಗಳು ಈ ಕೃತಿಯ ಅತ್ಯಂತ ಕರಾಳ ಪುಟಗಳು. ಮುಂದಿನ ಚಕ್ರವರ್ತಿ ಯಾರೆಂದು ಶಕುನ ಕೇಳಿದಾಗ ‘ಥಿಯೊದ್’ ಎಂಬಷ್ಟು ಅಕ್ಷರಗಳು ಮೂಡಿದವಂತೆ. ಅದನ್ನು ಅರಮನೆಯ ಲಿಪಿಕಾರ ಥಿಯೊಡೋರಸನಿಗೆ ಅನ್ವಯಿಸಲಾಯಿತು. ಅವನೂ ಇತರ ಹಲವರೂ ಹತರಾದರು. ಪೂರ್ವ ಪ್ರಾಂತಗಳ ಜನ ಅಂಜಿ ತಮ್ಮ ಗ್ರಂಥಭಂಡಾರಗಳನ್ನು ತಾವೇ ಸುಟ್ಟರು. ಇಲ್ಲಿ ಅಮ್ಮಿಯಾನಸನು ಅಂಜಿದವರ ಸಾಲಿನಲ್ಲಿ ತನ್ನನ್ನೂ ಸೇರಿಸಿಕೊಳ್ಳುತ್ತಾನೆ.

379ರಲ್ಲಿ ಪಟ್ಟಕ್ಕೆ ಬಂದವನ ಹೆಸರು ಥಿಯೊಡೋಸಿಯಸ್. ಇವನ ಆಳ್ವಿಕೆಯಲ್ಲೇ ಬರೆಯುತ್ತಿದ್ದ ಚರಿತ್ರಕಾರನು ಅಕ್ಷರಗಳ ಈ ಹೊಂದಾಣಿಕೆಯನ್ನು ಎತ್ತಿ ಹೇಳುವುದಿಲ್ಲ. ಈ ಚಕ್ರವರ್ತಿಯ ತಂದೆಯಾದ ಸೇನಾನಿ ಥಿಯೊಡೋಸಿಯಸನ ಸಾಹಸಗಳನ್ನು ವಿಸ್ತಾರವಾಗಿ ಹೊಗಳುತ್ತಾನೆ. 376ರ ಸುಮಾರಿಗೆ ಕಾರ್ಥೇಜ್‌ನಲ್ಲಿ ಅವನ ಶಿರಚ್ಛೇದವಾದುದನ್ನು ಹೇಳುವುದೇ ಇಲ್ಲ. ಸತ್ತ ಅರಸರ ಕ್ರೌರ್ಯವನ್ನು ಬರೆಯಬಹುದಿತ್ತು. ಆಳುತ್ತಿರುವವನ ಮನೆತನದ ಗಾಯವನ್ನು ಮುಟ್ಟುವುದು ಕಷ್ಟವಿತ್ತು.

ಈ ಮೌನದಿಂದ ಕೃತಿಯ ಬೆಲೆ ಕುಗ್ಗುವುದಿಲ್ಲ. ಸಾಮ್ರಾಜ್ಯದ ಹತೋಟಿ ಸೆರೆಮನೆಯನ್ನು ದಾಟಿ ಲೇಖನಿಯವರೆಗೂ ಚಾಚಿತ್ತೆಂಬುದಕ್ಕೆ ಈ ಚರಿತ್ರೆಯೇ ಪುರಾವೆ. ಆದುದರಿಂದ ಅಮ್ಮಿಯಾನಸನು ನುಡಿದುದನ್ನು ಅವನು ನುಡಿಯದೆ ಬಿಟ್ಟುದರೊಡನೆ ಇಟ್ಟು ಓದುವುದು ಅಗತ್ಯ.