ಬೆತ್ತಲೆ ಹುಡುಕುವ ಕಾನೂನಿಗೆ ಅವಮಾನ ಕಾಣುವುದಿಲ್ಲವೇ?

ಮರ್ಯಾದೆಯ ಹೆಸರಿನಲ್ಲಿ ಹೆಣ್ಣನ್ನು ಬಡಿಯುವುದು ಈ ಸಮಾಜಕ್ಕೆ ಹೊಸದಲ್ಲ. ಬಡಿದದ್ದನ್ನು ತಾವೇ ಮೊಬೈಲಿನಲ್ಲಿ ಹಿಡಿದು, ಊರಿಗೆಲ್ಲ ಹಂಚಿ ಮೀಸೆ ತಿರುವುವುದು ಹೊಸದು. 2024ರ ಜನವರಿಯಲ್ಲಿ ಹಾನಗಲ್ಲಿನ ಲಾಡ್ಜಿಗೆ ಗುಂಪೊಂದು ನುಗ್ಗಿ, ಬೇರೆ ಬೇರೆ ಧರ್ಮದ ಗಂಡು-ಹೆಣ್ಣನ್ನು ಹೊಡೆಯಿತು, ವಿಡಿಯೋ ಹರಿದಾಡಿತು. ಸಾಮೂಹಿಕ ಅತ್ಯಾಚಾರವೂ ಆಯಿತೆಂದು ಆಕೆಯೇ ಬಾಯಿಬಿಟ್ಟ ಮೇಲೆ ಆ ಕಲಮು ಸೇರಿತು. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳು ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆ ಮಾಡಿದರು. ಅದರದೂ ವಿಡಿಯೋ! ಪೊಲೀಸರು ಮತ್ತೊಂದು ಕೇಸು ಹಾಕಿದರು.

ಹಂಗಾದರೆ ವಿಡಿಯೋ ಹಂಚುವವರಿಗೆ ಕಾನೂನೇ ಇಲ್ಲವೇ? ಐತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಖಾಸಗಿ ಅಂಗದ ಚಿತ್ರ ಹಂಚಿದವನಿಗೆ 3 ವರ್ಷದವರೆಗೆ ಜೈಲು ಅನ್ನುತ್ತದೆ. 67ನೆಯದು ಅಶ್ಲೀಲ ಹಂಚಿದವನನ್ನು ಹಿಡಿಯುತ್ತದೆ. ಎರಡೂ ಬೆತ್ತಲೆ ಎಲ್ಲೈತಿ ಅಂತ ಹುಡುಕುತ್ತವೆ. ಕೆನ್ನೆಗೆ ಹೊಡೆದು, ಮುಖ ತೋರಿಸಿ, ಹತ್ತೂರಿಗೆ ನಗೆಪಾಟಲು ಮಾಡಿದರೆ? ಮೈಮೇಲೆ ಬಟ್ಟೆ ಇತ್ತು ಅಂದಮಾತ್ರಕ್ಕೆ ಅದು ಹಿಂಸೆಯಲ್ಲವೇ?

ಹಾಗೆಂದು 'ನೋವು ಮಾಡಿದ ಮಾತಿಗೆಲ್ಲ ಜೈಲು' ಎಂಬ ಸಡಿಲ ಕಾನೂನನ್ನೂ ನಾವು ಕೇಳುವುದಿಲ್ಲ. ಅಂಥ 66ಎ ಕಲಮು 2012ರಲ್ಲಿ ಬಿದ್ದದ್ದು ಯಾರ ಕೊರಳಿಗೆ? ಬಾಳ ಠಾಕ್ರೆ ತೀರಿದಾಗ ಮುಂಬಯಿ ಬಂದ್ ಆದದ್ದನ್ನು ಪ್ರಶ್ನಿಸಿದ ಪಾಲ್ಘರದ ಯುವತಿಯರ ಕೊರಳಿಗೆ! ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು.

ಅವಮಾನವನ್ನು ಅವಮಾನವೆಂದೇ ಗುರುತಿಸಿದ ಕಾನೂನು ನಮ್ಮ ಕೇರಿಗಳ ನೋವಿನಿಂದಲೇ ಹುಟ್ಟಿದೆ: 1989ರ ದೌರ್ಜನ್ಯ ತಡೆ ಕಾಯ್ದೆ. ಯಾರು, ಯಾರನ್ನು, ಜನರ ಕಣ್ಣೆದುರು ಕೀಳು ಮಾಡಿದರು ಎಂದು ಅದು ಕೇಳುತ್ತದೆ. ಪರಿಶಿಷ್ಟ ಪಂಗಡದ ಮಹಿಳೆಯೊಬ್ಬರನ್ನು ವಿಡಿಯೋದಲ್ಲಿ ಹೀಯಾಳಿಸಿದ ಪ್ರಕರಣದಲ್ಲಿ ಕೇರಳ ಹೈಕೋರ್ಟು 2022ರಲ್ಲಿ, ಇಂಟರ್ನೆಟ್ಟೂ ಜನರ ಕಣ್ಣೆದುರೇ ಎಂದಿತು. ಈ ಕಾಯ್ದೆ ಪರಿಶಿಷ್ಟರಿಗೆ ಮಾತ್ರ ಅನ್ವಯ, ಖರೆ. ಆದರೆ ಅದರ ಕಣ್ಣು ಎಲ್ಲ ಕಾನೂನಿಗೂ ಬೇಕು.

ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕೂಲಿ ಹೆಣ್ಣುಮಗಳಿಗೆ 'ಹಾವೇರಿ ಸೈಬರ್ ಠಾಣೆಗೆ ಹೋಗವಾ' ಅಂದರೆ ದಿನದ ಪಗಾರವೂ ಹೋಯಿತು, ಕೇಸೂ ಹೋಯಿತು. ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಬರೆದುಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮೇ ಹೇಳುತ್ತದೆ. ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಆಕೆಯ ಜೋಡಿ ನಾವೂ ಠಾಣೆಗೆ ಹೋಗೋಣ. 'ನೀ ಅಲ್ಲಿಗೆ ಯಾಕ ಹೋಗಿದ್ದಿ?' ಎಂದು ಆಕೆಯನ್ನು ಕೇಳುವವರಿಗೆ, 'ದೂರು ಯಾಕ ಬರಕೊಂಡಿಲ್ಲ?' ಎಂದು ನಾವು ಕೇಳೋಣ. ನಮ್ಮ ಮೊಬೈಲಿಗೆ ಬಂದ ಅಂಥ ವಿಡಿಯೋ ಮುಂದಿನವರಿಗೆ ಕಳಿಸದಿರೋಣ.